ಬೀಟಾ ಕೋಶದ ತೂಬು

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ವೈದ್ಯರು ಊಟ ತಪ್ಪಿಸಬೇಡಿ ಎಂದು ತಾಕೀತು ಮಾಡುತ್ತಾರೆ. ಕಾರಣ ತಿಳಿಯಲು ಮೇದೋಜೀರಕ ಗ್ರಂಥಿಯ ಬೀಟಾ ಕೋಶದೊಳಗೆ ಇಣುಕಬೇಕು.

ಈ ಕೋಶದ ಹೊರಗೆ ಕ್ಯಾಲ್ಸಿಯಂ ತುಂಬಿದ ಕೆರೆಯಂತಿದೆ. ಒಳಗೆ ಅದರ ಪ್ರಮಾಣ ಹೆಚ್ಚುಕಡಿಮೆ ಹತ್ತು ಸಾವಿರದಲ್ಲೊಂದು ಪಾಲು. ತೂಬು ಮಾತ್ರ ಮುಚ್ಚಿರುತ್ತದೆ. ಊಟದ ಬಳಿಕ ಗ್ಲೂಕೋಸ್ ಕೋಶದೊಳಗೆ ಹೋಗಿ ಉರಿಯುತ್ತದೆ, ಎಟಿಪಿ ಎಂಬ ಶಕ್ತಿಕಣಗಳು ಹೆಚ್ಚುತ್ತವೆ. ಅವು ಪೊಟ್ಯಾಸಿಯಂ ಹೊರಹೋಗುವ ಕಿಂಡಿಗಳನ್ನು ಮುಚ್ಚುತ್ತವೆ. ಆಗ ಕೋಶದ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ತೂಬು ತೆರೆಯುತ್ತದೆ. ನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ತುಂಬಿದ ಪುಟ್ಟ ಚೀಲಗಳನ್ನು ಪೊರೆಗೆ ಬೆಸೆದು ಬರಿದು ಮಾಡುತ್ತದೆ. ಗ್ಲಿಮೆಪಿರೈಡ್ ಗ್ಲೂಕೋಸಿಗಾಗಿ ಕಾಯದೆ ನೇರವಾಗಿ ಆ ಪೊಟ್ಯಾಸಿಯಂ ಕಿಂಡಿಯನ್ನೇ ಮುಚ್ಚುತ್ತದೆ. ಹೊಟ್ಟೆ ಖಾಲಿಯಿದ್ದರೂ ಇನ್ಸುಲಿನ್ ಸುರಿದು ರಕ್ತದ ಸಕ್ಕರೆ ತೀರಾ ಕುಸಿಯಬಹುದು. ವೈದ್ಯರ ತಾಕೀತು ಅದಕ್ಕೇ.

ಕ್ಯಾಲ್ಸಿಯಂ ಹೊಳೆಯಾಗಿ ಹರಿಯುವುದಿಲ್ಲ, ಅಲೆಅಲೆಯಾಗಿ ಏರಿಳಿಯುತ್ತದೆ. ಈ ಅಲೆಯ ಮೇಲೆ ಕೈಯಿಡುವವುಗಳಲ್ಲಿ ಗಾಂಜಾ ಗ್ರಾಹಕಗಳೂ ಸೇರಿವೆ. ಗ್ರಾಹಕವೆಂದರೆ ರಾಸಾಯನಿಕವೊಂದು ಕೀಲಿಯಂತೆ ಬಂದು ಅಂಟುವ ಕೋಶದ ಬೀಗ (ರಿಸೆಪ್ಟರ್). ಹೆಸರು ಗಾಂಜಾದ್ದಾದರೂ ಅವು ಇರುವುದು ನಮ್ಮ ದೇಹದಲ್ಲೇ.

ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಗಾಂಜಾದ ಮತ್ತಿನ ಸತ್ವವಾದ ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ಕಂಡುಹಿಡಿದರು. ಅದು ಅಂಟಿಕೊಳ್ಳುವ ಗ್ರಾಹಕಗಳಲ್ಲಿ ಸಿಬಿ1 ಗುರುತಾದದ್ದು 1990ರಲ್ಲಿ, ಸಿಬಿ2 1993ರಲ್ಲಿ. ಗಿಡದ ಸತ್ವಕ್ಕೆಂದು ದೇಹ ಬೀಗ ಮಾಡಿಟ್ಟಿರಲಾರದಷ್ಟೆ. ನಮ್ಮದೇ ಕೀಲಿಯೊಂದು ಇರಬೇಕು. 1992ರಲ್ಲಿ ಅದು ಸಿಕ್ಕಿತು. ಇಟ್ಟ ಹೆಸರು ಅನಂಡಮೈಡ್, ಸಂಸ್ಕೃತದ 'ಆನಂದ'ದಿಂದ ಬಂದದ್ದು. ಇಂಥ ಇನ್ನೊಂದು ಕೀಲಿ 2-ಎಜಿ ಎಂಬ ಕೊಬ್ಬಿನಂಶ.

ನರಕೋಶಗಳಲ್ಲಿ ಸಿಬಿ1 ಕ್ಯಾಲ್ಸಿಯಂ ತೂಬನ್ನು ತಗ್ಗಿಸಿ ಸಂದೇಶ ರವಾನೆಯನ್ನು ಹತ್ತಿಕ್ಕುತ್ತದೆ. ಮೇದೋಜೀರಕದಲ್ಲೂ ಹಾಗೆಯೇ ಇರಬಹುದೇ? 2006ರಲ್ಲಿ ಸ್ಪೇನಿನ ಸಂಶೋಧಕರು ಇಲಿಯ ಲ್ಯಾಂಗರ್‌ಹಾನ್ಸ್ ದ್ವೀಪಗಳಲ್ಲಿ, ಅಂದರೆ ಬೀಟಾ ಕೋಶಗಳಿರುವ ಮೇದೋಜೀರಕದ ಪುಟ್ಟ ಕೋಶಗುಂಪುಗಳಲ್ಲಿ, ನೋಡಿದಾಗ, 2-ಎಜಿಯು ಸಿಬಿ2 ಮೂಲಕ ಕ್ಯಾಲ್ಸಿಯಂ ಅಲೆಗಳನ್ನು ಕುಗ್ಗಿಸಿ ಇನ್ಸುಲಿನನ್ನೂ ಕಡಿಮೆ ಮಾಡಿತು. ಸಿಬಿ1 ಹೆಚ್ಚಾಗಿ ಕಂಡದ್ದು ಬೀಟಾ ಅಲ್ಲದ ಕೋಶಗಳಲ್ಲಿ. ಮುಂದೆ ಮನುಷ್ಯನ ದ್ವೀಪಗಳನ್ನು ಪರೀಕ್ಷಿಸಿದಾಗ ಸಿಬಿ2 ಅಲ್ಲೂ ಇನ್ಸುಲಿನನ್ನು ಇಳಿಸಿತಾದರೂ ಸಿಬಿ1 ಏರಿಸಿಬಿಟ್ಟಿತು! ಇನ್ನೂ ಕೆಲವು ಪ್ರಯೋಗಗಳಲ್ಲಿ ಎರಡೂ ಗ್ರಾಹಕಗಳು ಕ್ಯಾಲ್ಸಿಯಂ ಹೆಚ್ಚಿಸುವಂತೆ ತೋರಿದವು.

ಈ ಎಳೆದಾಟವನ್ನು ಯಾರದೋ ತಪ್ಪೆಂದು ಬದಿಗಿಡಲಾಗದು. ಇಲಿಯ ದ್ವೀಪದಲ್ಲಿ ಬೀಟಾ ಕೋಶಗಳು ನಡುವೆ ಗುಂಪುಗೂಡಿರುತ್ತವೆ, ಮನುಷ್ಯನಲ್ಲಿ ಎಲ್ಲ ಬಗೆಯ ಕೋಶಗಳೂ ಬೆರೆತಿರುತ್ತವೆ. ಅನಂಡಮೈಡ್ ಕೂಡ ಬರೀ ಈ ಎರಡು ಗ್ರಾಹಕಗಳಿಗೆ ನಿಷ್ಠವಲ್ಲ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಟಿಆರ್‌ಪಿವಿ1 ಕಿಂಡಿಯನ್ನೂ ಅದು ತಟ್ಟುತ್ತದೆ. ಆದ್ದರಿಂದ 'ಗಾಂಜಾ ಸೇದಿದರೆ ಸಕ್ಕರೆ ಇಳಿಯುತ್ತದೆ' ಎನ್ನುವವರ ಮಾತಿಗೆ ಈ ಪ್ರಯೋಗಗಳಿಂದ ಆಧಾರ ಹುಡುಕುವುದು ವ್ಯರ್ಥ.

ಈ ಗ್ರಾಹಕಗಳನ್ನೇ ಗುರಿಯಾಗಿಸಿಕೊಂಡ ಔಷಧಿಯೂ ಬಂದುಹೋಗಿದೆ. ಸಿಬಿ1ಅನ್ನು ತಡೆದು ತೂಕ ಇಳಿಸುವ ರಿಮೊನಬ್ಯಾಂಟ್ ಎಂಬ ಔಷಧಿ 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ತೂಕವೇನೋ ಇಳಿಯಿತು. ಆದರೆ ಮೆದುಳಿನ ಸಿಬಿ1 ಕೂಡ ಮುಚ್ಚಿದ್ದರಿಂದ ಕೆಲವರಿಗೆ ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಕಾಡಿದವು. 2008ರಲ್ಲಿ ಅದರ ಮಾರಾಟ ನಿಂತಿತು. ಆ ಬಳಿಕದ ಯತ್ನ ಹೆಚ್ಚಾಗಿ ಮೆದುಳಿಗೆ ದಾಟದೆ ದೇಹದ ಉಳಿದ ಅಂಗಗಳಲ್ಲೇ ಉಳಿಯುವ ಸಿಬಿ1 ತಡೆಗಳತ್ತ ಹೊರಳಿದೆ.