ರೈಲಿನ ವೇಳಾಪಟ್ಟಿಯಲ್ಲಿ ಸಿಕ್ಕ ವ್ಯಾಕರಣ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರು ಎನ್. ಎಸ್. ಪ್ರಭು ಅವರ ಬೆಂಗಳೂರಿನ ಪ್ರಯೋಗವನ್ನು ತಿಳಿದಿರಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಅಂದಿನ ಇಂಗ್ಲಿಷ್ ಪಾಠವೆಂದರೆ ಒಂದರ ಮೇಲೊಂದು ವಾಕ್ಯರಚನೆಯನ್ನು ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುವುದು. ತರಗತಿಯಲ್ಲಿ ತಪ್ಪಿಲ್ಲದೆ ಹೇಳಿದ ಮಗು ಹೊರಗೆ ಬಂದರೆ ತಡವರಿಸುತ್ತಿತ್ತು. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಪ್ರಭು ಅವರಿಗೆ ಬೇರೊಂದು ದಾರಿ ಹೊಳೆಯಿತು: ಮನಸ್ಸು ಅರ್ಥದಲ್ಲಿ ತೊಡಗಿದ್ದಾಗಲೇ ವ್ಯಾಕರಣ ಒಳಗಿಳಿಯುತ್ತದೆಯೇ, ನೋಡೋಣ. 1979ರಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ ಪ್ರಯೋಗ ಶುರುವಾಯಿತು. ಮದರಾಸು, ಕಡಲೂರುಗಳನ್ನೂ ಸೇರಿಸಿಕೊಂಡು ಒಟ್ಟು 8 ತರಗತಿಗಳಲ್ಲಿ 1984ರವರೆಗೆ ನಡೆಯಿತು.

ವ್ಯಾಕರಣದ ಪಟ್ಟಿಯೇ ಇಲ್ಲದ ಪಾಠ! ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ. ಇಷ್ಟು ಹೊತ್ತಿಗೆ ಅಲ್ಲಿರಬೇಕಾದರೆ ಯಾವ ರೈಲು ಹಿಡಿಯಬೇಕು? ಮೊದಲು ಮೇಷ್ಟರು ಇಡೀ ತರಗತಿಯೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತ ಒಂದು ಲೆಕ್ಕ ಬಿಡಿಸುವರು; ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಅಂಕ ಉತ್ತರಕ್ಕೆ, ವಾಕ್ಯಕ್ಕಲ್ಲ. ಗುಂಪುಗಳಲ್ಲಿ ಕೂರಿಸಿದರೆ ಮಕ್ಕಳು ಪರಸ್ಪರರ ತಪ್ಪುಗಳನ್ನೇ ರೂಢಿ ಮಾಡಿಕೊಂಡಾರೆಂದು ಗುಂಪುಕೆಲಸ ಇಟ್ಟುಕೊಳ್ಳಲಿಲ್ಲ.

ನಿಜವಾದ ಶೋಧ ಆದದ್ದು ಪಾಠ ಮಾಡುತ್ತ ಮಾಡುತ್ತಲೇ. ಒಬ್ಬರಿಗೆ ಗೊತ್ತಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವ ಚಟುವಟಿಕೆ ಬೇಗ ಮುಗಿದುಹೋಗುತ್ತಿತ್ತು. ಅಭಿಪ್ರಾಯ ಕೇಳಿದರೆ ಸರಿ-ತಪ್ಪು ಯಾವುದೆಂದು ತಿಳಿಯದೆ ಹೊಸಬರು ಅಳುಕುತ್ತಿದ್ದರು. ಕೊಟ್ಟ ಮಾಹಿತಿಯಿಂದ ತರ್ಕಿಸಿ ಹೊಸದನ್ನು ಕಂಡುಹಿಡಿಯುವ ಕೆಲಸದಲ್ಲಿ ಮಾತ್ರ ಮಕ್ಕಳು ಪಟ್ಟು ಹಿಡಿದು ಕೂತರು. ಭಾಷೆ ಅರೆಬರೆ ಇದ್ದರೂ ತಲೆ ಪೂರ್ತಿ ಓಡುತ್ತಿತ್ತಲ್ಲ! ಕೊನೆಗೆ ಪಾಠದ ತಿರುಳಾಗಿ ನಿಂತದ್ದು ಅದೇ.

ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಈ ಮಕ್ಕಳನ್ನು ಹಳೆಯ ಕ್ರಮದಲ್ಲಿ ಕಲಿತವರೊಡನೆ ಹೋಲಿಸಿ ಪರೀಕ್ಷಿಸಿದರು. ಬಿಡಿ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದವರು ಮುಂದಿದ್ದರು; ಸಂದರ್ಭದೊಳಗೆ ಭಾಷೆ ಬಳಸಬೇಕಾದಲ್ಲಿ ಪ್ರಯೋಗದ ಮಕ್ಕಳು. 1985ರಲ್ಲಿ ಈ ಫಲಿತಾಂಶ ಅಚ್ಚಾಯಿತು. 1987ರಲ್ಲಿ ಪ್ರಭು ಅವರ ಪುಸ್ತಕವೂ ಬಂತು. ಕಾರ್ಯಾಧಾರಿತ ಕಲಿಕೆಯ ಚರ್ಚೆ ಜಗತ್ತಿನಲ್ಲಿ ಎಲ್ಲೇ ನಡೆಯಲಿ, ಬೆಂಗಳೂರಿನ ಹೆಸರು ಬಂದೇ ಬರುತ್ತದೆ.

ಮುಂಬಯಿಯ ಶಿಕ್ಷಕರಿಗಂತೂ ಸಾಮಗ್ರಿ ಹುಡುಕುವ ಕಷ್ಟವೇ ಇಲ್ಲ. ದಾದರಿನಿಂದ ಕಲ್ಯಾಣಕ್ಕೆ ಫಾಸ್ಟ್ ಹಿಡಿಯಬೇಕೋ ಸ್ಲೋ ಹಿಡಿಯಬೇಕೋ, ಠಾಣೆಯಲ್ಲಿ ಇಳಿಯುವವರಿಗೆ ಯಾವುದಾದೀತು ಎಂಬ ಲೆಕ್ಕ ಇಲ್ಲಿನ ಮಕ್ಕಳಿಗೆ ಕರತಲಾಮಲಕ. ನಾಳೆಯ ಪಾಠವನ್ನು ಅಲ್ಲಿಂದಲೇ ಶುರುಮಾಡಬಹುದು.