ಮಾತು ಬಿಟ್ಟ ಆಟಕ್ಕೆ ಪಿಟೀಲು

ಹೊಳನಗದ್ದೆಯಿಂದ ಹೊನ್ನಾವರದ ತನಕ ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ಆಟ ನೋಡುತ್ತ ಬೆಳೆದ ನಮಗೆ ಹಿಮ್ಮೇಳ ಎಂದರೆ ಭಾಗವತರು, ಮದ್ದಳೆ, ಚಂಡೆ, ಶ್ರುತಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಿಂದ ಕಿವಿಗೆ ರೂಢಿಯಾದ ಜೋಡಣೆ ಅದು. ಅಲ್ಲಿ ಪಿಟೀಲಿಗೆ ಏನು ಕೆಲಸ ಎಂದು ಯಾರಾದರೂ ಕೇಳಿಯಾರು.

ಕೆಲಸ ಹುಟ್ಟಿಸಿದವರು ಶಿವರಾಮ ಕಾರಂತರು. ‘ಯಕ್ಷಗಾನ ಬಯಲಾಟ’ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು, ಮುಂದೆ ತಮ್ಮ ಬ್ಯಾಲೆಗಳಲ್ಲಿ ಅರ್ಥಗಾರಿಕೆಯನ್ನೇ, ಅಂದರೆ ವೇಷಧಾರಿಯ ಮಾತನ್ನೇ, ಕೈಬಿಟ್ಟರು. ಆಟದಲ್ಲಿ ಪದ್ಯ ಮುಗಿದ ಮೇಲೆ ವೇಷಧಾರಿ ಮಾತಿಗೆ ನಿಲ್ಲುತ್ತಾನೆ. ಭಾಗವತರು ಉಸಿರು ತೆಗೆದುಕೊಳ್ಳುತ್ತಾರೆ. ಮಾತೇ ಇಲ್ಲವಾದರೆ ಆ ಹೊತ್ತನ್ನು ತುಂಬುವವರು ಯಾರು? ಅಲ್ಲಿ ಪಿಟೀಲು ಹಿಡಿದು ಕೂತವರು ಎ.ವಿ. ಕೃಷ್ಣಮಾಚಾರ್. ಭಾವಗೀತೆ ಕೇಳುವವರಿಗೆ ಅವರು ಪದ್ಮಚರಣ್. ಶಾಸ್ತ್ರೀಯ ಪಿಟೀಲು, ಭಾವಗೀತೆಗೆ ರಾಗ ಹಾಕುವುದು, ಯಕ್ಷಗಾನ, ಮೂರೂ ಒಂದೇ ಕೈಯಲ್ಲಿ.

ಹೊರಗಿನಿಂದ ಸುಲಭವಾಗಿ ಕಾಣುವ ಈ ಕೆಲಸ ಎಷ್ಟು ಕಷ್ಟದ್ದು ಎಂದು ನುಡಿಸಿದವರಿಗೇ ಗೊತ್ತು. ಕಛೇರಿಯ ಪಿಟೀಲು ಗಮಕದಲ್ಲಿ ಬದುಕುತ್ತದೆ, ಸ್ವರವನ್ನು ತೂಗಿ, ಜಾರಿಸಿ, ಆಲಾಪನೆಯಲ್ಲಿ ಅರಳಿಸುತ್ತದೆ. ಭಾಗವತಿಕೆಯ ಸ್ವರ ತೆರೆದ ಗಂಟಲಿನದು, ಬಯಲಿನ ಕೊನೆಗೆ ಕೂತವರಿಗೂ ಮುಟ್ಟಬೇಕಾದದ್ದು. ಅದರ ಮೇಲೆ ಕಛೇರಿಯ ಗಮಕ ಸುರಿದರೆ ಪದ್ಯ ಕೀರ್ತನೆಯಾಗಿಬಿಡುತ್ತದೆ. ಗೋಪನೀತೆ, ಮೆಚ್ಚಾಳಿ, ಕೋರೆಯಂಥ ರಾಗಗಳನ್ನಂತೂ ಭಾಗವತರ ಬಾಯಿಂದಲೇ ಹಿಡಿಯಬೇಕು. ಹೆಸರು ಒಂದೇ ಆಗಿದ್ದ ರಾಗವೂ ಇಲ್ಲಿ ನಡೆ ಬದಲಿಸಿರುತ್ತದೆ. ಹತ್ತಾರು ವರ್ಷ ಬೆರಳಿಗೆ ಕಲಿಸಿದ್ದನ್ನು ಅದೇ ಬೆರಳು ತಡೆಹಿಡಿಯಬೇಕು.

ಇನ್ನು ಚಂಡೆ. ಅದು ಎದ್ದಿತೆಂದರೆ ನಾಲ್ಕು ತಂತಿಯ ನಾದ ಎಲ್ಲಿ ಕೇಳೀತು? ಆಗ ಕಮಾನು ಎತ್ತಿ ಸುಮ್ಮನಿರಬೇಕು. ಮದ್ದಳೆಯೊಂದೇ ಉಳಿದ ಶೃಂಗಾರಕ್ಕೆ, ಕರುಣಕ್ಕೆ ಮೆಲ್ಲಗೆ ಒಳಬರಬೇಕು. ಭಾಗವತರ ಶ್ರುತಿ ಏರಿದರೆ ಬಿರಡೆ ತಿರುಗಿಸಿ ಸ-ಪ-ಸ-ಪ ಮತ್ತೆ ಕೂಡಿಸಬೇಕು; ಬಿಗಿದ ತಂತಿ ಯಾವಾಗ ಹರಿಯುತ್ತದೋ ಎಂಬ ಭಯ ಬೇರೆ.

ಕಾರಂತರು ಸ್ಯಾಕ್ಸೋಫೋನನ್ನೂ ತಂದಿದ್ದರು. ಅವರ ಪ್ರಯೋಗಗಳನ್ನು ಒಪ್ಪದವರು ನಮ್ಮಲ್ಲಿ ಬಹಳ ಜನ. ಬಯಲಿನ ಆಟಕ್ಕೆ ಹಿಮ್ಮೇಳದ ಹಳೆಯ ಕ್ರಮವೇ ಸಾಕು ಎಂಬುದು ನನ್ನದೂ ಅಭಿಪ್ರಾಯ. ಆದರೆ ಮಾತಿಲ್ಲದ ನಳ-ದಮಯಂತಿಯ ಅಗಲಿಕೆಗೆ ಪಿಟೀಲಿನಷ್ಟು ಹತ್ತಿರದ ದನಿ ಬೇರೆ ಇಲ್ಲ. ಪದ್ಯದ ಕೊನೆಯ ಅಕ್ಷರ ಭಾಗವತರ ಗಂಟಲಲ್ಲಿ ತೆಳುವಾಗುತ್ತಿರುವಾಗಲೇ ಕಮಾನು ಅದೇ ಸ್ವರವನ್ನು ಎತ್ತಿಕೊಳ್ಳುತ್ತದೆ. ಮನುಷ್ಯನ ಸ್ವರ ಎಲ್ಲಿ ನಿಂತಿತು, ತಂತಿ ಎಲ್ಲಿ ಶುರುವಾಯಿತು ಎಂದು ತಿಳಿಯುವುದರೊಳಗೆ ದಮಯಂತಿ ಎರಡು ಹೆಜ್ಜೆ ಇಟ್ಟಿರುತ್ತಾಳೆ.