ಅಡಿಕೆಗೂ ಮಿದುಳಿನ ಗೆಡ್ಡೆಗೂ ಏನು ನಂಟು?

ನಮ್ಮ ಅಡಿಕೆ, ಮಲಯಾಳಿಗಳ ಅಡಕ್ಕ, ಪೋರ್ಚುಗೀಸರ ಬಾಯಲ್ಲಿ ‘ಅರೇಕ’ ಆಯಿತು. ಆ ಹೆಸರು ಮರಕ್ಕೂ ಅಂಟಿತು, ಕಾಯಿಯೊಳಗಿನ ಅರೆಕೊಲಿನ್, ಅರೆಕೈಡಿನ್ ಎಂಬ ರಾಸಾಯನಿಕಗಳಿಗೂ ಅಂಟಿತು. ಈಗ ಮಿದುಳಿನ ಗೆಡ್ಡೆಯ ಸಂಶೋಧನೆಯಲ್ಲೂ ಕೇಳಿಬರುತ್ತಿದೆ.

ಮಕ್ಕಳೇ, ನಮ್ಮ ನರಗಳು ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಬಳಸುತ್ತವೆ. ಅದು ಕೀಲಿ ಇದ್ದಂತೆ. ಬೀಗಗಳು ಜೀವಕೋಶಗಳ ಮೇಲಿರುತ್ತವೆ. ಚಿತ್ರಪುಸ್ತಕಗಳಲ್ಲಿ ಕೆಂಪು ಟೋಪಿ, ಬಿಳಿ ಚುಕ್ಕೆಯ ಅಣಬೆ ನೋಡಿದ್ದೀರಲ್ಲ? ಅದು ವಿಷದ ಅಣಬೆ. ಅದರಲ್ಲಿ ಸಿಕ್ಕ ಮಸ್ಕರಿನ್‌ಗೂ ತೆರೆಯುವ ಬೀಗಗಳಿಗೆ ಮಸ್ಕರಿನಿಕ್ ಎಂದು ಹೆಸರು. ಎಂ1ರಿಂದ ಎಂ5ರವರೆಗೆ ಐದು ಬಗೆ.

ರೋಮ್‌ನ ಸಪಿಯೆಂಜಾ ವಿಶ್ವವಿದ್ಯಾಲಯದ ಸಂಶೋಧಕರು ಅರೆಕೈಡಿನ್‌ನಿಂದ ಮಾಡಿದ ಒಂದು ವಸ್ತುವನ್ನು ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಗೆಡ್ಡೆಯ ಕೋಶಗಳಿಗೆ ಹಾಕಿದರು. ಅದು ಎಂ2 ಬೀಗ ತೆರೆಯಿತು. ಕೋಶಗಳ ಬೆಳವಣಿಗೆ ತಗ್ಗಿತು, ಹಲವು ಸತ್ತವು. 2013ರಲ್ಲಿ ಇದು ಪ್ರಕಟವಾಯಿತು. ಆದರೆ ಇದು ಪ್ರಯೋಗಶಾಲೆಯ ತಟ್ಟೆಯಲ್ಲಿ ನಡೆದದ್ದು, ರೋಗಿಗಳಲ್ಲಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇದನ್ನು ಹೇಳಿದಾಗ ಸ್ನೇಹಿತರೊಬ್ಬರು ಎಲೆಯಡಿಕೆ ಚೀಲ ತಟ್ಟಿ, “ಹಾಗಾದ್ರೆ ನನಗೆ ಯೋಚನೆಯೇ ಇಲ್ಲ ಬಿಡಿ ಸಾರ್” ಎಂದರು. ಇದೆ ಸ್ವಾಮಿ, ಯೋಚನೆ ಇದೆ. ಅಗಿದ ಅಡಿಕೆಯ ಅರೆಕೊಲಿನ್ ಎಂ2 ಒಂದನ್ನೇ ಆರಿಸಿಕೊಳ್ಳುವುದಿಲ್ಲ, ಹಲವು ಬೀಗಗಳಿಗೆ ಕೈಹಾಕುತ್ತದೆ. ಮಕ್ಕಳಿಗೆ ಬರುವ ಒಂದು ಮಿದುಳು ಗೆಡ್ಡೆಗೆ ಎಂ1, ಎಂ3 ಬೀಗಗಳೇ ಬೆಳೆಯುವ ದಾರಿ ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 2025ರಲ್ಲಿ ತೋರಿಸಿದ್ದಾರೆ. ಇನ್ನು ಬಾಯಿಯ ಮಾತು: ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರದಿ ಮಾಡಿದೆ. ಅಜ್ಜ ಅಜ್ಜಿಯರಿಗೆ ಬಾಯಿ ಅಗಲಿಸಲು ಕಷ್ಟವಾದರೆ, ಒಳಗೆ ಬಿಳಿ ಮಚ್ಚೆ ಕಂಡರೆ, ಮಕ್ಕಳೇ, ದಂತವೈದ್ಯರ ಬಳಿಗೆ ಕರೆದುಕೊಂಡು ಹೋಗಿ.